ಕಡೆಯ ಬೆಂಚಿನ ವಹಿ

ಇಪ್ಪತ್ತಾರಕ್ಕೇ ಮುಂದಲೆಯ ಕೂದಲು ಉದುರಿದ್ದೇ ಪ್ರಭುದೇವನ ಆ ದಿನದ ಫಜೀತಿಗೆಲ್ಲ ಮೂಲ. ಅದು ಅವನಿಗೆ ತಿಳಿದದ್ದು ಮಾತ್ರ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಕೋಪರಿಯಿಂದ ಹೊರಟಾಗ ತಲೆಯಲ್ಲಿದ್ದದ್ದು ಒಂದೇ ಚಿಂತೆ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಅನುಭವಿ ಶಿಕ್ಷಕರ ಮೂರು ಪಾಠ ನೋಡಿ, ವಹಿಯಲ್ಲಿ ಬರೆದು, ಅವರ ಸಹಿ ಹಾಕಿಸಿ, ಐದರೊಳಗೆ ಕಲ್ಯಾಣದ ಬಿ.ಎಡ್. ಕಾಲೇಜಿಗೆ ಮುಟ್ಟಿಸಬೇಕು. ತಪ್ಪಿದರೆ ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಮೂರು ತಿಂಗಳ ಸಮಯವಿತ್ತು. ಪುಣ್ಯಾತ್ಮ ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದ.

ಮೊದಲ ತಾಸು ವೇದಾವತಿ ಟೀಚರದು. ಉಡುಪಿಯವರು, ಇಪ್ಪತ್ತೆರಡು ವರ್ಷದ ಸರ್ವಿಸು. ಪ್ರಭುದೇವ ಕಡೆಯ ಬೆಂಚಿನಲ್ಲಿ ಕೂತು ವಹಿಯಲ್ಲಿ ತಾರೀಕು ಬರೆಯುವಷ್ಟರಲ್ಲಿ ಅವರು ಬಂದು ನಿಂತರು.

"ನೀವು ಹೇಗೂ ಇದ್ದೀರಲ್ಲ ಮಾರಾಯ್ರೆ, ಐದು ನಿಮಿಷ ಪಾಠ ಮಾಡ್ತಾ ಇರಿ. ನಂಗೆ ಮತದಾರರ ಪಟ್ಟಿದು ಕೆಲಸ ಉಂಟು."

"ನಾ ನಿಮ್ಮ ಪಾಠ ನೋಡಾಕ ಬಂದೀನ್ರಿ ಟೀಚರ್."

"ಬಂದು ಮಾಡ್ತೇನೆ. ನೀವು ಶುರು ಮಾಡಿ."

ಹೋದವರು ಹೋದರು. ನಲವತ್ತು ಮಕ್ಕಳು ಅವನನ್ನು ಸಂತೆಗೆ ಬಂದ ಹೊಸ ಎತ್ತಿನಂತೆ ಅಳೆದರು. "ಸರ್, ಪಾನಿ ಪೀನೇ ಜಾವೂ?" ಎಂದು ಒಬ್ಬಳು ಎದ್ದದ್ದೇ ತಡ, ಇಡೀ ಸಾಲಿಗೇ ಬಾಯಾರಿತು. ಇವರನ್ನು ಬಿಟ್ಟು ಟೀಚರನ್ನು ಹುಡುಕಿ ತರುವುದೇ ವಾಸಿ ಎಂದು ಪ್ರಭುದೇವ ಬಾಗಿಲಿಗೆ ಹೆಜ್ಜೆಯಿಟ್ಟ. ಆಗ ಇನ್ನೊಬ್ಬಳು ಕಂಡಳು. ಇಪ್ಪತ್ತು ದಾಟಿದ, ಕನ್ನಡಕದ ಹುಡುಗಿಯೊಬ್ಬಳು ತಡವಾಗಿ ಬಂದು, ಕಡೆಯ ಬೆಂಚಿನಲ್ಲಿ ಕೂತು, ಅವನನ್ನೇ ನೋಡುತ್ತ ಏನೋ ಬರೆದುಕೊಳ್ಳುತ್ತಿದ್ದಳು.

ಕಾಲೇಜಿನವರೇ ಇವಳನ್ನು ತನ್ನ ಮೇಲೆ ಕಣ್ಣಿಡಲು ಕಳಿಸಿದ್ದಾರೆ ಎಂದುಕೊಂಡ ಪ್ರಭುದೇವ. ಬಾಗಿಲಿನಿಂದ ಹಿಂದಿರುಗಿ ಸೀಮೆಸುಣ್ಣ ಹಿಡಿದು ನೀರು ಆವಿಯಾಗುವ ಬಗೆಯನ್ನು ಹೇಳತೊಡಗಿದ. ಉದಾಹರಣೆಗೆ ಬೆವರಿದ ಅವನ ಹಣೆಯೇ ಸಾಕಾಗಿತ್ತು.

ಎರಡನೆಯ ತಾಸಿಗೆ ಕಮಲಾಕ್ಷ ಸರ್ ಗಣಿತದ ಪುಸ್ತಕ ಅವನ ಕೈಗಿಟ್ಟು, ಬಿಸಿಯೂಟದ ಅಕ್ಕಿ ಇಳಿಸಿಕೊಳ್ಳಲು ಹೋದರು. ಮೂರನೆಯ ತಾಸಿನ ಯಜ್ಞೇಶ್ವರ ಸರ್ ತರಗತಿಯವರೆಗೂ ಬರಲಿಲ್ಲ, ಮೆಟ್ಟಿಲ ಮೇಲಿಂದಲೇ 'ನೀವೇ ನಡೆಸಿ' ಎಂಬಂತೆ ಕೈ ಬೀಸಿದರು. ಎರಡೂ ಕಡೆ ಹುಡುಗಿ ಹಾಜರು. ಅವಳ ಪೆನ್ನು ಓಡಿದಷ್ಟೂ ಪ್ರಭುದೇವನ ದನಿ ಏರಿತು, ಗಡಿಯಾರವೂ ಓಡಿತು.

ಮೂರೂವರೆಗೆ ಸ್ಟಾಫ್‌ರೂಮಿನಲ್ಲಿ ವಹಿ ಚಾಚಿದ.

"ನಾನು ಪಾಠವೇ ಮಾಡ್ಲಿಲ್ಲವಲ್ಲ" ಎಂದರು ವೇದಾವತಿ ಟೀಚರ್, ಚಹಾ ಆರಿಸುತ್ತ. "ಪಾಠ ಮಾಡಿದವರೇ ಸಹಿ ಹಾಕ್ಬೇಕು. ಸುಳ್ಳು ಸಹಿ ನನ್ನಿಂದ ಆಗ್ಲಿಕ್ಕಿಲ್ಲ." ಇಬ್ಬರು ಸರ್‌ಗಳೂ ತಲೆಯಾಡಿಸಿದರು.

ಅಷ್ಟರಲ್ಲಿ ಕನ್ನಡಕದ ಹುಡುಗಿ ಒಳಬಂದು ಪ್ರಭುದೇವನ ಮುಂದೆ ತನ್ನ ವಹಿ ಬಿಚ್ಚಿದಳು.

"ಸರ್, ನಾನು ಪೂನಂ, ಕಳಂಬೋಲಿ ಕಾಲೇಜು. ಬಿ.ಎಡ್. ತೀನೋಂ ಪಾಠಕ್ಕೆ ನಿಮ್ಮ ಸೈನ್ ಬೇಕಿತ್ತು. ಆಜ್ ಲಾಸ್ಟ್ ಡೇಟ್ ಹೈ."

"ನಾನೂ ಕಲಿಯಾಕ ಬಂದಾಂವ್ರಿ. ನಾ ಅನುಭವಿ ಮಾಸ್ತರ ಅಂತ ಯಾರು ಹೇಳಿದ್ರು?"

ಪೂನಂ ಅವನ ಮುಂದಲೆ ನೋಡಿ ಕಣ್ಣು ತಗ್ಗಿಸಿದಳು. "ಯಾರೂ ಹೇಳಿಲ್ಲ ಸರ್."

"ಹಾಕಿ ಮಾರಾಯ್ರೆ, ಪಾಪ, ಹುಡುಗಿದು ವರ್ಷ ಹಾಳಾಗ್ತದೆ" ಎಂದರು ವೇದಾವತಿ ಟೀಚರ್. "ಪಾಠ ಮಾಡಿದ್ದು ನೀವೇ ಅಲ್ವಾ?"

ಅನುಭವಿ ಶಿಕ್ಷಕರ ಸಹಿ ಎಂದಿದ್ದ ಕಡೆ ಪ್ರಭುದೇವ ಮೂರು ಸಲ ಸಹಿ ಹಾಕಿದ. ಮೇಲೆ ದುಂಡಗಿನ ಅಕ್ಷರದಲ್ಲಿ ಪೂನಂ ಬರೆದಿದ್ದಳು: 'ಇಂದು ಕಲಿತದ್ದು: ಏನೇ ಆದರೂ ಅನುಭವಿ ಶಿಕ್ಷಕರು ತರಗತಿ ಬಿಟ್ಟು ಹೋಗುವುದಿಲ್ಲ.'

ಅವಳು ಥ್ಯಾಂಕ್ಸ್ ಹೇಳಿ ಸ್ಟೇಷನ್ನಿಗೆ ಓಡಿದಳು. ಪ್ರಭುದೇವನ ವಹಿಯಲ್ಲಿ ತಾರೀಕು ಮಾತ್ರ ಇತ್ತು.