ಎಂಟು ಬಟ್ಟಲುಗಳ ಸಾಲು

ಶಿಸ್ತಿನ ಮನುಷ್ಯನಿಗೆ ನಾಚಿಕೆಪಡುವ ಸಂದರ್ಭ ಬರುವುದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಐದಕ್ಕೆ ಏಳುವವನು, ಚಪ್ಪಲಿಯನ್ನು ಗೋಡೆಗೆ ನೇರವಾಗಿ ಬಿಡುವವನು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಡುವವನು ಯಾರ ಮುಂದೆ ಏಕೆ ತಲೆ ತಗ್ಗಿಸಬೇಕು? ಈಗ ವಯಸ್ಸಾಗಿದೆ, ಹೇಳಿಬಿಡುತ್ತೇನೆ. ನಾನು ಇರುವೆಗಳ ದೆಸೆಯಿಂದ ತಲೆ ತಗ್ಗಿಸಿದವನು. ಇರುವೆಗಳದ್ದೂ ತಪ್ಪೇನಿಲ್ಲ. ಅವು ನನ್ನಂತೆಯೇ ಸಾಲು ತಪ್ಪದೆ ನಡೆಯುವ ಜಾತಿ.

ಅರವತ್ತರ ದಶಕದ ಮೊದಲ ವರ್ಷಗಳು. ಮಧುವನಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಪುಟ್ಟಮ್ಮ ಎಂಬುವರ ಮನೆಯ ಮುಂದಿನ ಕೋಣೆಯಲ್ಲಿ ನನ್ನ ವಾಸ. ಅವರ ಮಗ ಹನೂರಿನಲ್ಲಿ ಕೆಲಸದಲ್ಲಿದ್ದ. ಮನೆಯಲ್ಲಿ ಪುಟ್ಟಮ್ಮ, ಸೊಸೆ ರಾಜಮ್ಮ ಮತ್ತು ನಡುಮನೆಯ ತುಂಬ ರೇಷ್ಮೆ ಹುಳು. ಆ ಹುಳುಗಳಿಗಿದ್ದ ಮರ್ಯಾದೆ ನನಗಿರಲಿಲ್ಲ. ಅವಕ್ಕೆ ಆಗದೆಂದು ನಾನು ಊದುಬತ್ತಿ ಹಚ್ಚುವಂತಿಲ್ಲ, ತಲೆಗೆ ವಾಸನೆ ಎಣ್ಣೆ ಹಾಕುವಂತಿಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ.

ನನ್ನ ಯುದ್ಧವೆಲ್ಲ ಉಳಿದ ಕೀಟಗಳ ಮೇಲೆ. ಮಳೆ ಬಿತ್ತೆಂದರೆ ಕಾಡಿನ ಕಡೆಯಿಂದ ಬರುವ ಪ್ರತಿಯೊಂದಕ್ಕೂ ನನ್ನ ಕೋಣೆಯೇ ಬೇಕು. ಬೀಗದ ಕಿಂಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ನನ್ನನ್ನೇ ಹೊರಗೆ ನಿಲ್ಲಿಸುತ್ತಿತ್ತು. ಹಾಜರಿ ಪುಸ್ತಕದ ರಟ್ಟನ್ನು ಗೆದ್ದಲು ತಿಂದಿತ್ತು. ಅಂಗೈಯಗಲದ ಜೇಡವೊಂದು ಹೊಟ್ಟೆಗೆ ಬಿಳಿಯ ತತ್ತಿ ಬಿಲ್ಲೆ ಅಂಟಿಸಿಕೊಂಡು ಗೋಡೆಯ ಮೇಲೆ ಕುಳಿತು ನಾನು ಬಟ್ಟೆ ಬದಲಿಸುವುದನ್ನು ನೋಡುತ್ತಿತ್ತು. ಪೊರಕೆ ಎತ್ತಿದರೆ ರಾಜಮ್ಮ ಬಾಗಿಲಿನಿಂದಲೇ, "ಬುಡಿ ಸಾ, ನೊಣಗಿಣ ತಿನ್ಕಂಡು ಅದರ ಪಾಡಿಗೆ ಅದು ಕೂತದೆ. ನಿಮ್ಗೇನು ಪಾಠ ಒಪ್ಪುಸ್ಬೇಕಾ ಅದು?" ಎನ್ನುವಳು. ಇಂಥ ಮಾತಿಗೆ ಸೊಪ್ಪು ಹಾಕದೆ ನಾನು ಭಾನುವಾರವನ್ನು ಶುಚಿತ್ವಕ್ಕೆಂದು ಗೊತ್ತುಮಾಡಿದ್ದೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ.

ಆ ತಿಂಗಳು ಮಲೇರಿಯಾದವರು ಶಾಲೆಗೆ ಬಂದು, ನಿಂತ ನೀರು ಎಲ್ಲಿ ಕಂಡರೂ ಚೆಲ್ಲಬೇಕೆಂದು ಬೋಧಿಸಿ ಹೋಗಿದ್ದರು. ಭಾನುವಾರ ಬೆಳಿಗ್ಗೆ ನಾನು ಆ ಕಣ್ಣಿನಿಂದ ನಡುಮನೆಗೆ ಇಣುಕಿದೆ. ಹುಳುವಿನ ತಟ್ಟೆಗಳನ್ನು ಪೇರಿಸಿದ್ದ ಎರಡು ಸ್ಟ್ಯಾಂಡುಗಳ ಎಂಟು ಕಾಲುಗಳೂ ಎಂಟು ನೀರಿನ ಬಟ್ಟಲುಗಳಲ್ಲಿ ನಿಂತಿದ್ದವು. ಎಲ್ಲದರಲ್ಲೂ ಪಾಚಿ, ಸೊಳ್ಳೆಮರಿ. ಪುಟ್ಟಮ್ಮ ತೋಟದ ಕಳೆ ತೆಗೆಯಲು ಹೋಗಿದ್ದರು, ರಾಜಮ್ಮ ಬಟ್ಟೆ ಒಗೆಯಲು. ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ತಲೆಯೆತ್ತಿ ಅಲುಗಾಡದೆ ಕೂರುವುದಕ್ಕೆ ಅಲ್ಲಿ ಜ್ವರವೆನ್ನುತ್ತಾರೆ. ಆಗ ಸೊಪ್ಪು ಹಾಕುವ ಕೆಲಸವಿಲ್ಲ. ನಾನು ಒಂದೊಂದೇ ಕಾಲನ್ನು ಎತ್ತಿ ಬಟ್ಟಲು ಎಳೆದು, ನೀರು ಚೆಲ್ಲಿ, ಬೂದಿ ಹಾಕಿ ಉಜ್ಜಿ, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದೆ. ಒಣಗಿದ ಮೇಲೆ ಹೊಸ ನೀರು ತುಂಬುವುದೆಂದಿತ್ತು. ಆದರೆ ಪಟ್ಟಿಯ ಪ್ರಕಾರ ಎಂಟೂವರೆಗೆ ಕೊಳ್ಳೇಗಾಲದಲ್ಲಿ ಕ್ಷೌರ. ಬಸ್ಸು ಬಂತು, ಹತ್ತಿದೆ.

ನುಣ್ಣಗಿನ ಕತ್ತಿನೊಂದಿಗೆ ಹನ್ನೊಂದಕ್ಕೆ ಬಂದಾಗ ಬೀದಿಗೇ ಪುಟ್ಟಮ್ಮನವರ ಕೂಗು ಕೇಳುತ್ತಿತ್ತು. ಆ ನೀರು ಇರುವೆಗೆ ಹಾಕಿದ ಬೇಲಿಯೆಂಬುದು ನನಗೆ ಹೊಳೆದದ್ದು ಆಗಲೇ. ಕೆಂಪಿರುವೆಗಳು ಕಾಲಿಗೊಂದು ಸಾಲಾಗಿ, ನನ್ನ ಶಾಲೆಯ ಮಕ್ಕಳು ಎಂದೂ ನಡೆಯದಷ್ಟು ನೀಟಾಗಿ ಏರಿ, ಕೆಳಗಿನ ನಾಲ್ಕು ತಟ್ಟೆಗಳ ಹುಳುವನ್ನು ಮುಗಿಸಿದ್ದವು. ಜ್ವರಕ್ಕೆ ಕೂತ ಹುಳು ಓಡಿಹೋಗುವುದಾದರೂ ಹೇಗೆ?

"ಬಟ್ಲು ತೊಳ್ಯಾಕೆ ಇವತ್ತೇ ಬೇಕಾಗಿತ್ತೇನೆ ನಿಂಗೆ? ತಂಗಿ ಮದ್ವೆಗೆ ಓಯ್ತಾಳಂತೆ ಅಗರಕ್ಕೆ! ಓಗು, ನಾನೂ ನೋಡ್ತೀನಿ!"

"ನಾನ್ ಮುಟ್ಲಿಲ್ಲ ಕಣತ್ತೆ, ನಮ್ಮವ್ವನಾಣೆ."

"ಮತ್ತೇನು, ಇರುವೆ ತೊಳ್ದವಾ?"

ಅಗರ ರಾಜಮ್ಮನ ತವರು. ಮದುವೆ ಶುಕ್ರವಾರ. ಆ ಒಂದು ಪಯಣಕ್ಕಾಗಿ ಅವಳು ತಿಂಗಳಿಂದ ದಿನ ಎಣಿಸುತ್ತಿದ್ದಳು. ನಾನು ಬಾಯಿ ತೆರೆಯಬೇಕಿತ್ತು. ತೆರೆದೆ. "ಅಯ್ಯೋ, ಎಂಥ ಅನ್ಯಾಯ" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸೋಮವಾರ ರಾಜಮ್ಮ ಎಂದಿನಂತೆ ಕಾಫಿ ತಂದಿಟ್ಟಳು. ಮಂಗಳವಾರವೂ ತಂದಳು. "ಯಾಕ್ ಸಾ, ಸಪ್ಪಗಿದ್ದೀರಿ?" ಎಂದಳು. ನಾನು ಶೀತವೆಂದೆ. ಗೋಡೆಯ ಜೇಡವನ್ನು ಓಡಿಸುವ ಧೈರ್ಯವೂ ಹೋಗಿತ್ತು. ಭಾನುವಾರ ನಾನು ಬಾಗಿಲು ಹಾಕಿಕೊಂಡು ಕೂತದ್ದಕ್ಕೆ ಇದ್ದ ಒಂದೇ ಸಾಕ್ಷಿ ಅದು. ಬುಧವಾರ ಎರಡನೇ ಕ್ಲಾಸಿನಲ್ಲಿ, "ಬಳಪದ ಡಬ್ಬಿ ಬೀಳಿಸಿದ್ದು ಯಾರು?" ಎಂದು ಗದರಿದೆ. ಮಾತು ಮುಗಿಯುವ ಮುಂಚೆಯೇ ಪುಟ್ಟ ಹುಡುಗಿಯೊಬ್ಬಳು ಎದ್ದು, "ನಾನೇ ಸಾ" ಎಂದು ಕೈ ಚಾಚಿದಳು. ಬೆತ್ತ ಮೇಜಿನ ಮೇಲೆಯೇ ಉಳಿಯಿತು.

ಸಂಜೆ ಮಾರ್ಜಿನ್ ಬಿಟ್ಟು ತಪ್ಪೊಪ್ಪಿಗೆ ಪತ್ರ ಬರೆದೆ. ಬಾಯಲ್ಲಿ ಹೇಳಲಾರದ್ದನ್ನು ಕಾಗದ ಹೇಳಲಿ ಎಂದು ಪುಟ್ಟಮ್ಮನವರ ಕೈಗೆ ಕೊಟ್ಟೆ. ಅವರಿಗೆ ಓದು ಬಾರದೆಂಬುದು ನೆನಪಾಗುವಷ್ಟರಲ್ಲಿ ಅವರು, "ಬಾರಮ್ಮೀ, ಮೇಷ್ಟ್ರು ಅದೇನೋ ಕೊಟ್ಟವ್ರೆ, ಓದು" ಎಂದು ಸೊಸೆಯನ್ನು ಕರೆದಾಗಿತ್ತು. ರಾಜಮ್ಮ ನಾಲ್ಕನೇ ಕ್ಲಾಸು ಓದಿದ್ದಳು. ಅಕ್ಷರದ ಮೇಲೆ ಬೆರಳಿಟ್ಟು ಶುರುಮಾಡಿದಳು. "ಸದರಿ ಬಟ್ಟಲುಗಳನ್ನು ತೊಳೆದವನು ನಾನೇ. ಇದರಲ್ಲಿ ಶ್ರೀಮತಿ ರಾಜಮ್ಮನವರ ತಪ್ಪು ಏನೂ ಇರುವುದಿಲ್ಲ." "ಶ್ರೀಮತಿ ರಾಜಮ್ಮನವರ" ಎಂಬುದನ್ನು ಎರಡು ಸಲ ಓದಿದಳು. ನಾನು ಕೈಕಟ್ಟಿ ನಿಂತಿದ್ದೆ.

ಪುಟ್ಟಮ್ಮ ಎಲೆಯಡಿಕೆ ಉಗಿದು ಬಂದರು. "ಇದ ಬರ್ದು ಬೇರೆ ಏಳ್ಬೇಕಾ ಮೇಷ್ಟ್ರೇ? ಭಾನ್ವಾರ ಸಂಜೇನೆ ಗೊತ್ತಾಯ್ತು. ದೊಡ್ಡದ್ರಿಂದ ಚಿಕ್ಕದ್ಕೆ ಸಾಲಾಗಿ, ಮಧ್ಯ ಎರಡೆರಡು ಬೆಳ್ಳು ಜಾಗ ಬುಟ್ಟು ಬಟ್ಲು ಮಡಗೋರು ಈ ಊರಲ್ಲಿ ಇನ್ಯಾರವ್ರೆ?"

"ಮತ್ತೆ ರಾಜಮ್ಮನ ಅಗರದ ಪ್ರಯಾಣ…"

"ಅವ್ಳು ಆವತ್ತೇ ಸೀರೆ ಜೋಡ್ಸ್ಕಂಡವ್ಳೆ. ನೀವಾಗೇ ಬಾಯ್ಬುಡ್ಲಿ ಅಂತ ಕಾದ್ವಿ."

"ಅತ್ತೆ ಸೋಮ್ವಾರ ಬಾಯ್ಬುಡ್ತೀರಿ ಅಂದ್ರು, ನಾನು ಮಂಗ್ಳಾರ ಅಂದೆ," ಎಂದಳು ರಾಜಮ್ಮ ಕಾಗದ ಮಡಿಸುತ್ತ. "ಇಬ್ರೂ ಸೋತ್ವಿ ಸಾ."

ವರ್ಗವಾಗುವವರೆಗೂ ಆ ಬಟ್ಟಲುಗಳಿಗೆ ದಿನವೂ ನೀರು ತುಂಬಿದವನು ನಾನೇ. ಈಗ ನನ್ನ ಮನೆಯಲ್ಲೂ ಲೋಟ, ಬಟ್ಟಲು ತೊಳೆದು ಬೋರಲು ಹಾಕುತ್ತೇನೆ. ಯಾರಾದರೂ ಗುರುತು ಹಿಡಿದಾರೆಂಬ ಹೆದರಿಕೆಯಿಂದ ಒಂದನ್ನು ಬೇಕೆಂದೇ ಓರೆಯಾಗಿಡುತ್ತೇನೆ. ಪ್ರತಿದಿನವೂ ಎಡಗಡೆಯಿಂದ ಮೂರನೆಯದನ್ನೇ ಓರೆಯಾಗಿಡುತ್ತೀರಿ ಎಂದು ಮೊನ್ನೆ ನನ್ನ ಹೆಂಡತಿ ಹೇಳಿದಳು.