ಗಾಜಿನ ಕಪಾಟು ಸೇರಿದ ಕಾರ್ಡುಪೆಟ್ಟಿಗೆ

ರಕ್ತನಿಧಿ ವೃತ್ತಿಪರರ ಪ್ರಾದೇಶಿಕ ಸಂಘದ ಅಧ್ಯಕ್ಷರೂ ಅದರ ಇತಿಹಾಸಕಾರರೂ ಆದ ತಮ್ಮ ಸನ್ನಿಧಾನಕ್ಕೆ,

ಮಾನ್ಯರೇ,

ಮೂವತ್ತೊಂದು ವರ್ಷ ರಕ್ತನಿಧಿಯಲ್ಲಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದ ನಾನು, ಸಂಘದ ಐವತ್ತು ವರ್ಷಗಳ ಚರಿತ್ರೆಯೆಂದು ತಾವು ಹೊರತಂದ ಮುನ್ನೂರು ಪುಟಗಳ ಗ್ರಂಥವನ್ನು ಎರಡೂ ಕೈಯಲ್ಲಿ ಎತ್ತಿ ಓದಿ, ಕೆಳಗಿಟ್ಟು, ತೋಳು ನೀವಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಗ್ರಂಥದ ಪ್ರಕಾರ ಸಂಘ ಹುಟ್ಟಿದ್ದು ಹೋಟೆಲೊಂದರ ಸಭಾಂಗಣದಲ್ಲಿ, ಹನ್ನೊಂದು ಮಂದಿ ದೂರದರ್ಶಿಗಳ ಸಮ್ಮುಖದಲ್ಲಿ. ಅದು ನಿಜಕ್ಕೂ ಹುಟ್ಟಿದ್ದು ನಮ್ಮ ಆಸ್ಪತ್ರೆಯಲ್ಲಿ, ಫ್ರಿಜ್ಜುಗಳ ಸದ್ದಿಗೆ ಕಿರುಚಿಯೇ ಮಾತಾಡಬೇಕಾಗಿದ್ದ ಕಿರುಕೋಣೆಯೊಂದರಲ್ಲಿ, ಅವಧಿ ಮುಗಿಯಲು ಮೂರೇ ದಿನ ಉಳಿದ ರಕ್ತದ ಚೀಲಗಳನ್ನು ಯಾವ ಆಸ್ಪತ್ರೆಗೆ ಕಳಿಸಿದರೆ ವ್ಯರ್ಥವಾಗದೆಂದು ಲೆಕ್ಕ ಹಾಕುತ್ತಿದ್ದ ಮೂವರು ತಂತ್ರಜ್ಞರ ನಡುವೆ. ಅವರಲ್ಲೊಬ್ಬರು, ನಾವೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದವರು, ಅಪರೂಪದ ಗುಂಪಿನ ದಾನಿಗಳಿಗೆ ತಲಾ ಒಂದು ಕಾರ್ಡು ಬರೆದು ಮರದ ಪೆಟ್ಟಿಗೆಯಲ್ಲಿ ಜೋಡಿಸಿದ್ದರು. ಪ್ರತಿ ಕಾರ್ಡಿನ ಹಿಂದೆ ಆ ದಾನಿಯನ್ನು ಕರೆಸುವ ಬಗೆ ಪೆನ್ಸಿಲಿನಲ್ಲಿತ್ತು. ಒಬ್ಬರು ಮೊದಲು ಆಗಲ್ಲ ಅನ್ನುತ್ತಾರೆ, ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿ. ಇನ್ನೊಬ್ಬರ ವಿಷಯದಲ್ಲಿ ಅವರ ಅತ್ತೆಯನ್ನೇ ಕೇಳಿ.

ತಾವು ಮಹದುಪಕಾರ ಮಾಡಿ ಈ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿದಿರಿ, ಹೆಸರು, ಗುಂಪು, ನಂಬರು ಸಾಕೆಂದು ಪೆನ್ಸಿಲಿನ ಗೀಚನ್ನು ಕೈಬಿಟ್ಟಿರಿ, ಪೆಟ್ಟಿಗೆಯನ್ನು ಸಂಘದ ಕಚೇರಿಯ ಗಾಜಿನ ಕಪಾಟಿನಲ್ಲಿಟ್ಟು 'ಪುರಾತನ ಸಾಧನ, ಮುಟ್ಟಬಾರದು' ಎಂಬ ಫಲಕ ಹಚ್ಚಿದಿರಿ, ಮತ್ತು ಅದರ ಬೀಗದ ಕೈಯನ್ನು ಕೋಟಿನ ಜೇಬಿಗಿಳಿಸಿಕೊಂಡು ಆರು ವಾರಗಳ ಅಧ್ಯಯನ ಪ್ರವಾಸಕ್ಕೆ ವಿದೇಶಕ್ಕೆ ಹಾರಿದಿರಿ. ಪೆಟ್ಟಿಗೆ ಈಗ ಕನ್ನಡಿಯೊಳಗಿನ ಗಂಟು.

ಕಳೆದ ತಿಂಗಳು ಬಾಣಂತಿಯೊಬ್ಬಳಿಗೆ ಅಂಥ ಅಪರೂಪದ ಗುಂಪೊಂದರ ರಕ್ತ ಬೇಕಾದಾಗ ಕಂಪ್ಯೂಟರು ಕ್ಷಣಾರ್ಧದಲ್ಲಿ ಏಳು ನಂಬರು ಕೊಟ್ಟಿತು, ಏಳರಲ್ಲಿ ಒಬ್ಬರೂ ಫೋನ್ ಎತ್ತಲಿಲ್ಲ. ಗಾಬರಿಬಿದ್ದ ನರ್ಸು ನನ್ನ ಮನೆಗೆ ಫೋನ್ ಮಾಡಿದಾಗ ನೆನಪಿಗೆ ಬಂದದ್ದು ಆ ಏಳರಲ್ಲೊಬ್ಬರಾದ ದರ್ಜಿಯ ಕಾರ್ಡಿನ ಹಿಂಬದಿ. ಅವರ ಪಕ್ಕದ ಬೇಕರಿಗೆ ಹೇಳಿದೆ, ಅಳತೆಪಟ್ಟಿ ಕೊರಳಲ್ಲಿರುವಂತೆಯೇ ಓಡಿ ಬಂದರು. "ನಾನು ಫೋನ್ ಎತ್ತೋದೇ ಇಲ್ಲಮ್ಮ, ಎತ್ತಿದ್ರೆ ಎಲ್ರೂ ಬಟ್ಟೆ ಆಯ್ತಾ ಅಂತಾರೆ" ಎಂದು ತೋಳು ಚಾಚಿ ಮಲಗಿದರು. ತಾಯಿ ಉಳಿದಳು.

ಅದೇ ಗುಂಪಿನ ಇನ್ನೊಬ್ಬ ಗರ್ಭಿಣಿಗೆ ಮುಂದಿನ ವಾರ ಶಸ್ತ್ರಕ್ರಿಯೆಯ ಹೆರಿಗೆಯಿದೆ. ದರ್ಜಿ ಮೂರು ತಿಂಗಳು ಮತ್ತೆ ರಕ್ತ ಕೊಡುವಂತಿಲ್ಲ. ಉಳಿದವರ ಕಾರ್ಡಿನ ಹಿಂದೆ ಏನಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಒಂದು ಬಂದರೆ ಮೂರು ಮರೆಯುತ್ತವೆ, ನನಗೆ ನಿಜಕ್ಕೂ ಹೆದರಿಕೆಯಾಗುತ್ತಿದೆ. ಆದ್ದರಿಂದ ತಾವು ದಯವಿಟ್ಟು, ಬೀಗದ ಕೈ ಮರಳುವವರೆಗೆ ಹೊಟ್ಟೆಯಲ್ಲೇ ಇರತಕ್ಕದ್ದೆಂದು ಆ ಶಿಶುವಿಗೆ ಸಂಘದ ಮೊಹರಿನಡಿ ಒಂದು ಸುತ್ತೋಲೆ ಕಳಿಸಬೇಕು. ಅದಾಗದಿದ್ದರೆ ತಾಯಿಯ ರಕ್ತದ ಗುಂಪನ್ನೇ ಸರ್ವಾನುಮತದ ನಿರ್ಣಯದಿಂದ ಬದಲಿಸಿಕೊಡಬೇಕು. ಚರಿತ್ರೆಯನ್ನೇ ಬದಲಿಸಿದ ತಮಗೆ ಇದ್ಯಾವ ದೊಡ್ಡ ಮಾತು?

ಪುಟ ಇನ್ನೂರ ಹನ್ನೊಂದರಲ್ಲಿ 'ಮತ್ತಿತರರು' ಎಂದು ಸ್ಮರಣೆಗೊಂಡವರಲ್ಲಿ ಒಬ್ಬಳಾದ,
ಇಷ್ಟಾದರೂ ತಮ್ಮ ವಿಶ್ವಾಸಿ,
ನಿವೃತ್ತ ತಂತ್ರಜ್ಞೆ

ಮರೆತ ಮಾತು: ಆ ಏಳು ಕಾರ್ಡುಗಳಲ್ಲಿ ಒಂದು ತಮ್ಮದೇ ಎಂಬುದು ಗ್ರಂಥದಲ್ಲಿ ಬಿಟ್ಟುಹೋಗಿದೆ. ಅದರ ಹಿಂದೆ ದೊಡ್ಡಕ್ಕ ಬರೆದದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ: "ಹೂಂ ಅಂತಾರೆ, ಬರಲ್ಲ. ಹೆಂಡ್ತಿಗೆ ಹೇಳ್ಬೇಕು." ಇಂದು ಬೆಳಿಗ್ಗೆ ಹೇಳಿದ್ದೇನೆ. ಇದೇ ಗುರುವಾರ ಊರಿಗೆ ಮರಳುವ ವಿಮಾನಕ್ಕೆ ತಮ್ಮ ಟಿಕೆಟ್ಟು ಆಗಿದೆಯಂತೆ. ಹೊರಡುವ ಮುನ್ನ ಹೊಟ್ಟೆ ತುಂಬ ಊಟ ಮಾಡಿ, ಚೆನ್ನಾಗಿ ನೀರು ಕುಡಿಯಿರಿ.