ಮೋಡಕ್ಕೇರಿದ ನಮ್ಮ ಫೋಟೊಗಳು

ಕ್ಯಾಮೆರಾದ ಮುಂದೆ ನಿಂತವರಷ್ಟೇ ನಗೆಗೀಡಾಗುತ್ತಾರೆ ಎಂದು ಬಹಳ ವರ್ಷ ನಂಬಿದ್ದೆ. ಹಿಂದೆ ನಿಂತವನ ಪಾಡು ಅದಕ್ಕಿಂತ ದೊಡ್ಡದು.

ದಾಂಡೇಲಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಎಲ್ಲರ ಕಿಸೆಗೂ ಕ್ಯಾಮೆರಾ ಬಂದ ಮೇಲೆ ನನ್ನ ಪಾಲಿಗೆ ಪಾಸ್‌ಪೋರ್ಟ್ ಫೋಟೊ ಉಳಿಯಿತು. ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದಾಗ ಹೆಂಡತಿಯ ತಮ್ಮ ಹೊಸ ಐಡಿಯಾ ತಂದ. ಅವನು ಕಂಪ್ಯೂಟರ್ ಕಲಿತವನು. ಆಲ್ಬಮ್ ಬಿಟ್ಟು ಫೋಟೊಗಳನ್ನು 'ಕ್ಲೌಡ್' ಎಂಬ ಇಂಟರ್‌ನೆಟ್ಟಿನ ಮೋಡಕ್ಕೆ ಏರಿಸಿ, ಗಿರಾಕಿಗೆ ಲಿಂಕ್ ಕಳಿಸುವುದಂತೆ. ಅದಕ್ಕೂ ಮೊದಲು ಆ್ಯಪ್‌ಗಳನ್ನು ಹೋಲಿಸಿ ನೋಡಬೇಕಂತೆ.

"ಕನ್ಯಾ ನೋಡಿದಂಗ ನೋಡಬೇಕ್ರಿ ಮಾಮಾ. ಮೊದಲನೇದಕ್ಕ ಒಪ್ಪಬಾರದು" ಎಂದ.

ಅವನಿಗೆ ಇನ್ನೂ ಮದುವೆಯಾಗದ ಕಾರಣ ಆಗ ತಿಳಿಯಿತು.

ಬಿಟ್ಟಿ ಆ್ಯಪ್

ಮೊದಲು ಪುಕ್ಕಟೆ ಆ್ಯಪ್. ಹಳಿಯಾಳದ ಕಬ್ಬಿನ ಗೌಡರ ಮನೆಯ ಮದುವೆ ಫೋಟೊ ಏರಿಸಿದೆವು. ಗಾಣಕ್ಕೆ ಕೊಟ್ಟ ಕಬ್ಬಿನಂತೆ ಅದು ಫೋಟೊಗಳನ್ನು ಹಿಂಡಿ ಸಿಪ್ಪೆ ಮಾಡಿ ಕೊಟ್ಟಿತು. ಮದುಮಗಳ ತಾಯಿ ಬಸ್ಸು ಹತ್ತಿ ಸ್ಟುಡಿಯೊಕ್ಕೇ ಬಂದರು. ಅವರ ಇಳಕಲ್ ಸೀರೆಯ ದಡಿ ಮಸುಕಾಗಿ ಮಾಯವಾಗಿತ್ತು. ಜಾಗ ಉಳಿಸಲು ಆ್ಯಪ್ ಹಾಗೆ ಮಾಡುತ್ತದೆ ಎಂದು ಭಾವಮೈದ ವಿನಯದಿಂದ ವಿವರಿಸಿದ.

"ಜಾಗಾ ಉಳಿಸಾಕ ನನ್ನ ಸೀರಿ ದಡೀನ ಬೇಕಾಗಿತ್ತೇನು? ಬೀಗರ ಮಂದಿ ಅಷ್ಟು ಸುಮ್ಮನ ನಿಂತಾರಲ್ಲ, ಅವರನ್ನ ತಗೀಬೇಕಾಗಿತ್ತು."

ಕ್ಷಣಾರ್ಧದಲ್ಲಿ

ಎರಡನೆಯ ಆ್ಯಪ್ ಫೋಟೊ ಹಿಂಡುತ್ತಿರಲಿಲ್ಲ. ಎಲ್ಲಿದ್ದರೂ ಕ್ಷಣಾರ್ಧದಲ್ಲಿ ಫೋಟೊ ಕೈಗೆ ಎಂಬುದು ಅದರ ಜಾಹೀರಾತು. ಬರೆದವರು ಕಾಡಿನ ನಡುವಿನ ಜೋಯಿಡಾ ನೋಡಿರಲಿಕ್ಕಿಲ್ಲ. ಅಲ್ಲಿನ ಹೋಂಸ್ಟೇ ಮಾಲೀಕರಿಗೆ ಬೆಳಿಗ್ಗೆ ಅವರ ಹೋಂಸ್ಟೇಯ ಫೋಟೊಗಳ ಲಿಂಕ್ ಕಳಿಸಿದೆವು. ನೆಟ್‌ವರ್ಕ್ ಹುಡುಕುತ್ತ ಪಾಪ, ಅವರು ಮನೆಯ ಹಿಂದಿನ ಗುಡ್ಡ ಏರಿದರು. ಅಲ್ಲೂ ಸಿಗದೆ ಹಲಸಿನ ಮರ ಏರಿದರು. ನನಗೆ ಮೊದಲೇ ಅನುಮಾನವಿದ್ದುದರಿಂದ ಅದೇ ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿ ಬಸ್ ಕಂಡಕ್ಟರ್ ಕೈಗೂ ಕೊಟ್ಟಿದ್ದೆ. ಬಸ್ಸು ಹೋಗಿ ಮುಟ್ಟಿದಾಗ ಮಾಲೀಕರು ಇನ್ನೂ ಮರದ ಮೇಲೆಯೇ ಇದ್ದರಂತೆ.

ಭಾವಮೈದ ಪ್ರಾಮಾಣಿಕ. ಹೋಲಿಕೆಯಲ್ಲಿ ಆ್ಯಪ್‌ಗೆ ಎರಡನೆಯ ಸ್ಥಾನ ಕೊಟ್ಟ. ಮೊದಲನೆಯದು ಬಸ್ಸಿಗೆ.

ಮುಖ ಗುರುತಿಸುವ ಜಾಣ

ಮೂರನೆಯದು ಬಹಳ ಜಾಣ ಆ್ಯಪ್. ನಿಮ್ಮ ಒಂದು ಸೆಲ್ಫಿ ಕಳಿಸಿದರೆ ಸಾಕು, ಸಾವಿರ ಜನರಲ್ಲಿ ನಿಮ್ಮ ಮುಖವಿರುವ ಫೋಟೊಗಳನ್ನೇ ಹೆಕ್ಕಿ ಕೊಡುತ್ತದೆ. ಮುಂಡಗೋಡದ ಒಂದು ಗೃಹಪ್ರವೇಶಕ್ಕೆ ಅದನ್ನೇ ಬಳಸಿದೆವು. ಆ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಹೊಲದ ಬದುವಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದರು. ಅಣ್ಣ ಸೆಲ್ಫಿ ಕಳಿಸಿದರೆ ತಮ್ಮನ ಫೋಟೊಗಳೆಲ್ಲ ಬಂದವು. ಆ್ಯಪ್‌ನ ಲೆಕ್ಕದಲ್ಲಿ ಇಬ್ಬರೂ ಒಬ್ಬನೇ.

ಅಣ್ಣ ಕೆಂಡವಾಗಿ ಬಂದ. "ಆ ಮಾರಿ ಮತ್ತ ನನ್ನ ಮಾರಿ ಒಂದ ಅಂದ್ರ ಹೆಂಗ್ರಿ?" ಎಂದು ಕೇಳಿದ.

ಸಮಾಧಾನ ಹೇಳಿ ಚಹಾ ಕುಡಿಸಿ ಕಳಿಸಿದೆ. ಸಂಜೆ ಮತ್ತೆ ಬಂದಾಗ ರೇಗಿದೆ: ಬೆಳಿಗ್ಗೆ ತಾನೇ ಎಲ್ಲ ಹೇಳಿದೆನಲ್ಲ? ಆತ ಪಿಳಿಪಿಳಿ ನೋಡಿದ. ಅವನು ತಮ್ಮ.

ಅಜ್ಜಿಯ ತಿಥಿ

ಕೊನೆಯ ಆ್ಯಪ್ ಎಲ್ಲಕ್ಕಿಂತ ಉತ್ಸಾಹಿ. ಕೇಳದಿದ್ದರೂ ಫೋಟೊಗಳನ್ನು ಪೋಣಿಸಿ, ಹಾಡು ಹಾಕಿ, ವಿಡಿಯೊ ಮಾಡಿಬಿಡುತ್ತಿತ್ತು. ನಮಗದು ಗೊತ್ತಿರಲಿಲ್ಲ. ನಮ್ಮೂರಿನ ಬಂಗೂರನಗರದಲ್ಲಿ ಒಬ್ಬ ಅಜ್ಜಿ ತೀರಿಕೊಂಡಿದ್ದರು. ಆಕೆ ಕೆಮ್ಮಿದರೆ ಮೂವರು ಸೊಸೆಯಂದಿರೂ ಎದ್ದು ನಿಲ್ಲುತ್ತಿದ್ದರಂತೆ. ತಿಥಿಯ ಫೋಟೊ ತೆಗೆದು, ಏರಿಸಿ, ನೆಂಟರಿಗೆಲ್ಲ ಲಿಂಕ್ ಕಳಿಸಿದೆವು. ಜೊತೆಗೆ ವಿಡಿಯೊವೂ ಹೋಯಿತು. ಹಾರ ಹಾಕಿದ ಅಜ್ಜಿಯ ಫೋಟೊದ ಸುತ್ತ ಬಲೂನುಗಳು, ಕುಣಿಯುವ ಹಾಡು, ಮೇಲೆ ದಪ್ಪ ಅಕ್ಷರಗಳಲ್ಲಿ 'ಆಹಾ, ಎಂಥ ಸಂತೋಷದ ದಿನ!'

ಸ್ಟುಡಿಯೊ ಮುಳುಗಿತೆಂದೇ ಎಣಿಸಿ ಕ್ಷಮೆ ಕೇಳಲು ಓಡಿದೆವು. ಅಜ್ಜಿಯ ಗಂಡುಮಕ್ಕಳು ಮುಖ ತಿರುವಿ ಒಳಗೆ ಹೋದರು. ಹಿರಿಯ ಸೊಸೆ ಬಾಗಿಲ ತನಕ ಬಂದರು. ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಭುಜ ನಡುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆವು. ಈಗಲೇ ಅಳಿಸಿಬಿಡುತ್ತೇವೆ ಎಂದು ಕೈಮುಗಿದೆ.

ಆಕೆ ಹಿಂದೆ ಯಾರೂ ಇಲ್ಲವೆಂದು ನೋಡಿ, ಮೆಲ್ಲಗೆ ಅಂದರು:

"ಅಳಿಸಬ್ಯಾಡ್ರಿ. ವರ್ಷದ ತಿಥಿಗೂ ನೀವ ಬರ್ರಿ. ಇದ ಹಾಡು ಹಾಕ್ರಿ."